ಬೋರ್ಡ್ ಅಂಗಡಿಗೆ ಮೊದಲ ಫ್ಲ್ಯಾಟ್‌ಬೆಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಶೀಟನ್ನು ಬೆಡ್ ಮೇಲೆ ಮಲಗಿಸಿ ನೇರವಾಗಿ ಪ್ರಿಂಟ್ ಮಾಡಿ, ಇಂಕನ್ನು ಯುವಿ ದೀಪದಿಂದ ಅಲ್ಲೇ ಗಟ್ಟಿ ಮಾಡುವ ಯುವಿ ಫ್ಲ್ಯಾಟ್‌ಬೆಡ್ ಪ್ರಿಂಟರ್ ಬಗ್ಗೆ ಬಂದಿದ್ದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಹಲವರು ಕೇಳಿದ್ದು ಒಂದನ್ನೇ ಆದ್ದರಿಂದ ಮೊದಲ ಉತ್ತರ ಉದ್ದವಾಗಿದೆ.

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಬೋರ್ಡ್ ಅಂಗಡಿ. ಇಕೋ ಸಾಲ್ವೆಂಟ್ ಪ್ರಿಂಟರ್, ಲ್ಯಾಮಿನೇಟರ್, ಲೇಸರ್ ಕಟರ್ ಇವೆ. ವಿನೈಲ್ ಪ್ರಿಂಟ್ ತೆಗೆದು ಸನ್‌ಬೋರ್ಡ್‌ಗೆ (ಹಗುರವಾದ ಪಿವಿಸಿ ಫೋಮ್ ಹಲಗೆ) ಅಂಟಿಸುವುದೇ ಹೆಚ್ಚು ಕೆಲಸ. ಅಕ್ರಿಲಿಕ್ ಮೇಲಿನ ಯುವಿ ಪ್ರಿಂಟನ್ನು ಹೊರಗೆ ಮಾಡಿಸುತ್ತೇವೆ. ಈಗ ಸ್ವಂತ ಮಷಿನ್ ಹಾಕುವ ಯೋಚನೆ. 60×90 ಸೆಂ.ಮೀ. ಬೆಡ್ ಸಾಕೇ, 8×4 ಅಡಿಯದೇ ಬೇಕೇ?

ಉತ್ತರ: ಡೀಲರ್ ಹತ್ತಿರ ಹೋಗುವ ಮುಂಚೆ ಕಳೆದ ಮೂರು ತಿಂಗಳ ಬಿಲ್ ಪುಸ್ತಕ ತೆಗೆದು ಕೂರಿ. ಹೊರಗೆ ಕೊಟ್ಟ ಯುವಿ ಕೆಲಸವನ್ನಷ್ಟೇ ಬರೆದುಕೊಳ್ಳಿ: ಪ್ರತಿ ಪೀಸಿನ ಅಳತೆ, ಯಾವ ಶೀಟು, ಬಿಳಿ ಇಂಕ್ ಬೇಕಿತ್ತೇ ಇಲ್ಲವೇ, ಚದರಡಿಗೆ ಕೊಟ್ಟ ದರ. ಯಾವ ಬೆಡ್ ಎಂಬುದು ಆ ಪಟ್ಟಿಯಲ್ಲೇ ಇದೆ.

ಸನ್‌ಬೋರ್ಡ್, ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್), ಅಕ್ರಿಲಿಕ್ ಎಲ್ಲವೂ ಮಾರುಕಟ್ಟೆಗೆ ಬರುವುದು ಮುಖ್ಯವಾಗಿ 8×4 ಅಡಿ, ಅಂದರೆ 2440×1220 ಮಿ.ಮೀ. ಶೀಟಾಗಿ. 2513 ಎಂದು ಕರೆಯುವ 2.5×1.3 ಮೀಟರ್ ಬೆಡ್ ಹುಟ್ಟಿದ್ದೇ ಈ ಅಳತೆಗಾಗಿ. 6090 ಎಂದು ಕರೆಯುವ 60×90 ಸೆಂ.ಮೀ. ಮಷಿನ್‌ನ ಬೆಡ್ 0.54 ಚದರ ಮೀಟರ್. ಪೂರ್ತಿ ಶೀಟು 2.98 ಚದರ ಮೀಟರ್. ಚಿಕ್ಕ ಮಷಿನ್ ತಗೊಂಡರೆ ಶೀಟನ್ನು ಮೊದಲು ಕತ್ತರಿಸಿ ಆಮೇಲೆ ಪ್ರಿಂಟ್ ಮಾಡಬೇಕು. ದೊಡ್ಡದರಲ್ಲಿ ಮೊದಲು ಪ್ರಿಂಟ್, ಆಮೇಲೆ ಕಟಿಂಗ್. ಆದರೆ ಆಗ ನಿಮ್ಮ ಲೇಸರ್‌ಗೋ ರೌಟರ್‌ಗೋ ಗುರುತು ಓದುವ ಕ್ಯಾಮೆರಾ ಇರಬೇಕು. ಇಲ್ಲದಿದ್ದರೆ ಪ್ರಿಂಟಿನ ಅಂಚಿಗೂ ಕಟ್‌ಗೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ.

ಮನೆ ಹೆಸರಿನ ಫಲಕ, ಬಾಗಿಲ ಮೇಲಿನ ಪ್ಲೇಟು, ಸ್ಮರಣಿಕೆ, ಟ್ರೋಫಿ, ಪ್ಯಾನೆಲ್ ಬೋರ್ಡಿನ ಲೇಬಲ್, ಕೀ ಚೈನ್ ಇವೇ ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲಿದ್ದರೆ 6090 ಸರಿಯಾದ ಆಯ್ಕೆ. ಅಂಗಡಿ ಮುಂಗಟ್ಟಿನ ಬೋರ್ಡು, ಆಸ್ಪತ್ರೆ-ಶಾಲೆಗಳ ದಿಕ್ಕಿನ ಫಲಕಗಳಿದ್ದರೆ ಅದನ್ನು ತಗೊಂಡು ಪಶ್ಚಾತ್ತಾಪ ಪಡುತ್ತೀರಿ. ದೊಡ್ಡ ಬೋರ್ಡನ್ನು ಸರಿಸಿ ಸರಿಸಿ ತುಂಡಾಗಿ ಪ್ರಿಂಟ್ ಮಾಡಬಹುದು ಎಂದು ಮಾರುವವರು ಹೇಳುತ್ತಾರೆ. ನಂಬಬೇಡಿ, ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಮಧ್ಯದ ದಾರಿ 4×4 ಅಡಿ ಬೆಡ್: ಶೀಟನ್ನು ಎರಡು ಹೋಳು ಮಾಡಿದರೆ ಕೂರುತ್ತದೆ. ರೋಲ್ ಮತ್ತು ಬೋರ್ಡ್ ಎರಡನ್ನೂ ಓಡಿಸುವ ಹೈಬ್ರಿಡ್ ಮಷಿನ್‌ಗಳಲ್ಲಿ ಹಾಳೆಯನ್ನು ಬೆಲ್ಟ್ ಎಳೆಯುತ್ತದೆ. ಭಾರದ ಗಾಜು, ದಪ್ಪ ಅಕ್ರಿಲಿಕ್ ಜಾರಿ ಪ್ರಿಂಟ್ ಓರೆಯಾಗುವ ಅಪಾಯವಿದೆ. ನಿಮ್ಮಲ್ಲಿ ರೋಲ್ ಪ್ರಿಂಟರ್ ಆಗಲೇ ಇರುವುದರಿಂದ ಅದರ ಗೋಜಿಗೆ ಹೋಗಬೇಡಿ.

ಜಾಗವನ್ನೂ ಅಳೆಯಿರಿ. 2513 ಮಷಿನ್ ಉದ್ದ ನಾಲ್ಕು ಮೀಟರ್ ದಾಟುತ್ತದೆ, ತೂಕ ಮಾಡೆಲ್ ನೋಡಿಕೊಂಡು ಆರೇಳು ನೂರು ಕಿಲೋದಿಂದ ಒಂದೂವರೆ ಟನ್. ಸುತ್ತ ಓಡಾಡಿ ಶೀಟು ಹಾಕಲು ಕನಿಷ್ಠ ಮೂರಡಿ ಬಿಡಬೇಕು. ಮಹಡಿ ಮೇಲಿನ ಅಂಗಡಿಗೆ ಅಲ್ಲಿಗೇ ಮಾತು ಮುಗಿಯಿತು.

ಈಗ ದುಡ್ಡಿನ ಲೆಕ್ಕ. ಕೆಳಗಿನ ಅಂಕಿಗಳು ಉದಾಹರಣೆಗಷ್ಟೇ, ನಿಮ್ಮದನ್ನು ಹಾಕಿಕೊಳ್ಳಿ. ಶೇ 11 ಬಡ್ಡಿ, ಐದು ವರ್ಷಕ್ಕೆ ಒಂದು ಲಕ್ಷ ಸಾಲದ ತಿಂಗಳ ಕಂತು ಸುಮಾರು ₹2,174. ಎಂಟು ಲಕ್ಷಕ್ಕೆ ₹17,400. ಆಪರೇಟರ್ ಸಂಬಳದಲ್ಲಿ ಮಷಿನ್ ಪಾಲು ₹15,000 ಎನ್ನಿ. ಒಟ್ಟು ₹32,400. ಬಣ್ಣದ ಪ್ರಿಂಟಿಗೆ ಚದರ ಮೀಟರಿಗೆ 10–12 ಮಿ.ಲೀ. ಇಂಕ್ ಹಿಡಿಯುತ್ತದೆ; ಇಂಕ್ ಲೀಟರಿಗೆ ₹4,000 ಆದರೆ 12 ಮಿ.ಲೀ.ಗೆ ₹48, ಚದರಡಿಗೆ ಸುಮಾರು ₹4.50. ಕೆಳಗೆ ಬಿಳಿ ಹಾಕಿದರೆ ಇದು ಇಮ್ಮಡಿ. ವಿದ್ಯುತ್, ಹೆಡ್ (ಇಂಕ್ ಚಿಮ್ಮುವ ಭಾಗ) ಕ್ಲೀನಿಂಗ್‌ಗೆ ಹೋಗುವ ಇಂಕ್, ಮುಂದಿನ ಹೆಡ್‌ಗಾಗಿ ತೆಗೆದಿಡುವ ಹಣ ಎಲ್ಲ ಸೇರಿ ಚದರಡಿಗೆ ₹15 ಎಂದಿಟ್ಟುಕೊಳ್ಳೋಣ. ಹೊರಗೆ ₹50 ಕೊಡುತ್ತಿದ್ದರೆ ಉಳಿಯುವುದು ₹35. ₹32,400 ಹುಟ್ಟಬೇಕಾದರೆ ತಿಂಗಳಿಗೆ 926 ಚದರಡಿ, ಅಂದರೆ 29 ಪೂರ್ತಿ ಶೀಟು. ನಿಮ್ಮ ಬಿಲ್ ಪುಸ್ತಕದಲ್ಲಿ ಹತ್ತೇ ಶೀಟು ಸಿಕ್ಕಿದರೆ ಇನ್ನೊಂದು ವರ್ಷ ಹೊರಗೇ ಮಾಡಿಸಿ. ಮಷಿನ್ ಬಂದ ಮೇಲೆ ಕೆಲಸ ತಾನಾಗಿ ಬರುತ್ತದೆ ಎಂಬ ಮಾತನ್ನು ಲೆಕ್ಕಕ್ಕೆ ಸೇರಿಸಬೇಡಿ.

ಮಷಿನ್ ಮೇಲಿನ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಗೊಳ್ಳುವುದಾದರೆ ಆ ತೆರಿಗೆಯ ಮೊತ್ತಕ್ಕೆ ಸವಕಳಿ ತೋರಿಸುವಂತಿಲ್ಲ. ಎರಡರಲ್ಲಿ ಒಂದೇ. ಆಡಿಟರ್‌ಗೆ ಮೊದಲೇ ಹೇಳಿಡಿ.

ಪ್ರಶ್ನೆ: ಒಂದೇ ಅಳತೆಯ ಬೆಡ್, ಆದರೆ ಎಕ್ಸ್‌ಪಿ600 ಹೆಡ್, ಐ3200 ಹೆಡ್, ರಿಕೋ ಜೆನ್5 ಹೆಡ್ ಎಂದು ಮೂರು ಕೊಟೇಶನ್ ಬಂದಿದೆ. ಬೆಲೆಯಲ್ಲಿ ಭಾರಿ ವ್ಯತ್ಯಾಸ. ಯಾವುದು? (ಹುಬ್ಬಳ್ಳಿ)

ಉತ್ತರ: ಎಕ್ಸ್‌ಪಿ600 ಎಪ್ಸನ್ ಕಂಪನಿಯು ಮೇಜಿನ ಮೇಲಿಡುವ ಫೋಟೋ ಪ್ರಿಂಟರ್‌ಗಾಗಿ, ನೀರಿನ ಇಂಕಿಗಾಗಿ ಮಾಡಿದ ಹೆಡ್. 1080 ನಾಝಲ್, ಅಂದರೆ ಇಂಕ್ ಹನಿ ಚಿಮ್ಮುವ ಸೂಕ್ಷ್ಮ ತೂತುಗಳು. ಸಣ್ಣ ಅಕ್ಷರ ಚೆನ್ನಾಗಿ ಬರುತ್ತದೆ, ಹೆಡ್ ಅಗ್ಗ. ಆದರೆ ಯುವಿ ಇಂಕ್ ಅದರೊಳಗಿನ ಅಂಟನ್ನು ನಿಧಾನವಾಗಿ ತಿನ್ನುತ್ತದೆ. ದಿನವೂ ಓಡಿಸಿದರೆ ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕಾಗುತ್ತದೆ ಎಂದೇ ಲೆಕ್ಕ ಹಿಡಿಯಿರಿ. ಐ3200 ಅದೇ ಕಂಪನಿಯ ಕೈಗಾರಿಕಾ ಹೆಡ್, 3200 ನಾಝಲ್. ಅದರಲ್ಲಿ ನೀರಿನ ಇಂಕಿಗೆ ಎ1, ಇಕೋ ಸಾಲ್ವೆಂಟ್‌ಗೆ ಇ1, ಯುವಿಗೆ ಯು1 ಎಂದು ಬೇರೆ ಬೇರೆ ಇವೆ. ಕೊಟೇಶನ್‌ನಲ್ಲಿ ‘ಐ3200-ಯು1’ ಎಂದು ಪೂರ್ತಿ ಬರೆಸಿಕೊಳ್ಳಿ. ರಿಕೋ ಜೆನ್5 ಸ್ಟೀಲ್ ಮೈಯ ಹೆಡ್, 1280 ನಾಝಲ್, ಒಳಗೇ ಹೀಟರ್. ಅದರ ಅತಿ ಚಿಕ್ಕ ಹನಿಯೇ 7 ಪಿಕೋಲೀಟರ್, ಎಪ್ಸನ್ ಹೆಡ್‌ಗಳ ಹನಿಗಿಂತ ದೊಡ್ಡದು, ಆದ್ದರಿಂದ ಇಂಕ್ ಹೆಚ್ಚು ದೂರ ಹಾರಿದರೂ ಗುರಿ ತಪ್ಪುವುದು ಕಡಿಮೆ. ಬಾಳಿಕೆ ಹಲವು ವರ್ಷ. ಆದರೆ ಒಂದು ಹೆಡ್ ಹೋದರೆ ಹೊಡೆತ ಲಕ್ಷದ ಲೆಕ್ಕದಲ್ಲಿ.

ನಮ್ಮ ಒಲವು: ದಿನಕ್ಕೆ ಎರಡು-ಮೂರು ಗಂಟೆ ಓಡುವ 6090ಗೆ ಎಕ್ಸ್‌ಪಿ600 ತಪ್ಪಲ್ಲ, ಒಂದು ಹೆಡ್ ಬೀರುವಿನಲ್ಲಿ ಇಟ್ಟುಕೊಳ್ಳುವುದಾದರೆ. 8×4 ಬೆಡ್‌ಗೆ ಅದು ಬೇಡವೇ ಬೇಡ. ಐ3200 ಅಥವಾ ರಿಕೋ ನೋಡಿ. ಇವೆರಡರಲ್ಲಿ ಆರಿಸುವಾಗ ಹೆಡ್‌ಗಿಂತ ಮುಖ್ಯವಾದ ಪ್ರಶ್ನೆ ಇದೆ: ಮಷಿನ್ ನಿಂತರೆ ಹುಬ್ಬಳ್ಳಿಗೆ ಎಂಜಿನಿಯರ್ ಎಷ್ಟು ಹೊತ್ತಿನಲ್ಲಿ ಬರುತ್ತಾನೆ, ಹೆಡ್ ಬೋರ್ಡ್ ಮತ್ತು ಕೇಬಲ್ ಎಲ್ಲಿ ದಾಸ್ತಾನಿವೆ? ಹಲವು ಮಷಿನ್‌ಗಳಲ್ಲಿ ಬಳಕೆಯಲ್ಲಿರುವ ಹೊಸನ್, ಬಿವೈಎಚ್ಎಕ್ಸ್ ತರಹದ ಕಂಟ್ರೋಲ್ ಬೋರ್ಡ್ ಇದ್ದರೆ ಡೀಲರ್ ಕೈಕೊಟ್ಟರೂ ಬೇರೆಯವರಿಂದ ರಿಪೇರಿ ಮಾಡಿಸಬಹುದು. ಮಷಿನ್‌ಗೆಂದೇ ಮಾಡಿದ, ಹೆಸರಿಲ್ಲದ ಬೋರ್ಡ್ ಇದ್ದರೆ ನೀವು ಆ ಡೀಲರ್‌ಗೇ ಕಟ್ಟುಬಿದ್ದಂತೆ. ಹೆಡ್‌ಗೆ ವಾರಂಟಿ ಇಲ್ಲ ಎಂಬ ಸಾಲು ಹೆಚ್ಚಿನ ಕರಾರುಗಳಲ್ಲಿ ಇದ್ದೇ ಇರುತ್ತದೆ, ಓದಿ ಸಹಿ ಹಾಕಿ.

ಪ್ರಶ್ನೆ: ಡೆಮೋ ನೋಡಲು ಬೆಂಗಳೂರಿಗೆ ಹೋಗುತ್ತಿದ್ದೇವೆ. ಏನೇನು ಪರೀಕ್ಷೆ ಮಾಡಬೇಕು? (ಹಾಸನ)

ಉತ್ತರ: ಅವರು ಹಾಕುವ ಹುಲಿ, ನವಿಲಿನ ಚಿತ್ರ ನೋಡಿ ಬರಬೇಡಿ. ಫೋಟೋದಲ್ಲಿ ಯಾವ ದೋಷವೂ ಕಾಣುವುದಿಲ್ಲ. ನಿಮ್ಮದೇ ಶೀಟು, ನಿಮ್ಮದೇ ಫೈಲು ಒಯ್ಯಿರಿ: ಒಂದು ಕಪ್ಪು ಅಕ್ರಿಲಿಕ್, ಒಂದು ಪಾರದರ್ಶಕ ಅಕ್ರಿಲಿಕ್, 5 ಮಿ.ಮೀ. ಸನ್‌ಬೋರ್ಡ್, 3 ಮಿ.ಮೀ. ಎಸಿಪಿ.

ಮೊದಲಿಗೆ ನಾಝಲ್ ಚೆಕ್ (ಪ್ರತಿ ನಾಝಲ್ ಒಂದೊಂದು ಸಣ್ಣ ಗೆರೆ ಎಳೆಯುವ ಪರೀಕ್ಷಾ ಪ್ರಿಂಟ್) ತೆಗೆಸಿ ಪಕ್ಕಕ್ಕಿಡಿ. ಕೊನೆಯಲ್ಲಿ, ಕನಿಷ್ಠ ಒಂದು ಗಂಟೆ ಎಡೆಬಿಡದೆ ಓಡಿದ ಮೇಲೆ, ಇನ್ನೊಂದು ತೆಗೆಸಿ. ಎರಡನೆಯದರಲ್ಲಿ ಹೊಸದಾಗಿ ಗೆರೆ ತಪ್ಪಿದ ಜಾಗಗಳು ಕಂಡರೆ ಇಂಕ್ ಸರಬರಾಜು ಅಥವಾ ನೆಗೆಟಿವ್ ಪ್ರೆಶರ್ (ಇಂಕ್ ಹೆಡ್‌ನಿಂದ ತೊಟ್ಟಿಕ್ಕದಂತೆ ಹಿಡಿದಿಡುವ ಒತ್ತಡ) ಸರಿಯಿಲ್ಲ.

ಶೇ 50 ಬೂದು ಬಣ್ಣವನ್ನು ಬೆಡ್‌ನ ಪೂರ್ತಿ ಅಗಲಕ್ಕೆ ಹಾಕಿಸಿ. ಸಮ ಅಂತರದಲ್ಲಿ ಗೆರೆ ಬಂದರೆ ಸ್ಟೆಪ್ ಹೊಂದಾಣಿಕೆ ತಪ್ಪಿದೆ, ಅದು ಸರಿಹೋಗುವ ತೊಂದರೆ. ಬಣ್ಣ ಒಂದೇ ಇದ್ದು ಹೊಳಪು-ಮಂಕು ಪಟ್ಟಿ ಕಂಡರೆ ಕ್ಯಾರೇಜ್ (ಹೆಡ್ ಮತ್ತು ದೀಪ ಹೊತ್ತು ಅತ್ತಿತ್ತ ಓಡುವ ಭಾಗ) ಹೋಗುವಾಗ, ಬರುವಾಗ ದೀಪದ ಕಾಯಿಸುವಿಕೆ ಬೇರೆಯಾಗುತ್ತಿದೆ. ಒಂದೇ ದಿಕ್ಕಿನಲ್ಲಿ ಪ್ರಿಂಟ್ ಮಾಡಿದರೆ ಹೋಗುತ್ತದೆ, ಆದರೆ ವೇಗ ಅರ್ಧಕ್ಕಿಳಿಯುತ್ತದೆ.

ದೊಡ್ಡ ಬೆಡ್ ಆದರೆ 2000×1000 ಮಿ.ಮೀ. ಆಯತದ ಗೆರೆ ಹಾಕಿಸಿ ಎರಡೂ ಕರ್ಣ ಅಳೆಯಿರಿ. 2236 ಮಿ.ಮೀ. ಬರಬೇಕು, ಎರಡಕ್ಕೂ ನಡುವೆ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗ್ಯಾಂಟ್ರಿ (ಬೆಡ್‌ಗೆ ಅಡ್ಡವಾಗಿ ಕ್ಯಾರೇಜ್ ಹೊತ್ತ ತೊಲೆ) ಓರೆ ಕೂತಿದೆ. ಎರಡು ಕಡೆ ಪ್ರಿಂಟಾಗುವ ಬೋರ್ಡ್ ಅಂಥ ಮಷಿನ್‌ನಲ್ಲಿ ಎಂದೂ ಹೊಂದುವುದಿಲ್ಲ. ಬೆಡ್‌ನ ನಾಲ್ಕು ಮೂಲೆ ಮತ್ತು ನಡುವೆ ಹೆಡ್ ಅಂತರವನ್ನು, ಅಂದರೆ ಹೆಡ್‌ಗೂ ಕೆಳಗಿನ ಮೇಲ್ಮೈಗೂ ಇರುವ ಸಂದನ್ನು, ಫೀಲರ್ ಗೇಜ್‌ನಲ್ಲಿ ನೋಡಿ.

ವೇಗಕ್ಕೆ ಬ್ರೋಷರ್ ನಂಬಬೇಡಿ. ಅಲ್ಲಿ ಬರೆದಿರುವುದು ಬಿಳಿ ಇಲ್ಲದ, 4 ಪಾಸಿನ (ಒಂದೇ ಜಾಗದ ಮೇಲೆ ಹೆಡ್ ನಾಲ್ಕು ಸಲ ಹಾಯುವ) ವೇಗ. ಬಿಳಿ ಸಮೇತ 8 ಪಾಸಿನಲ್ಲಿ ಒಂದು ಶೀಟಿಗೆ ಎಷ್ಟು ನಿಮಿಷ ಎಂದು ಗಡಿಯಾರ ಹಿಡಿದು ನೋಡಿ. ಗಂಟೆಗೆ 12 ಚದರ ಮೀಟರ್ ಎಂದರೆ ಪೂರ್ತಿ ಶೀಟು ಕಾಲು ಗಂಟೆ. 4 ಚದರ ಮೀಟರ್ ಎಂದರೆ ಮುಕ್ಕಾಲು ಗಂಟೆ.

ಇನ್ನೊಂದು ಸಣ್ಣ ವಿಷಯ, ಬಿಳಿ ಇಂಕಿನ ತೊಟ್ಟಿ ತೆರೆಸಿ ನೋಡಿ. ಕಲಕುವ ರೆಕ್ಕೆ ಇದೆಯೇ, ಇಂಕ್ ಹೆಡ್‌ವರೆಗೂ ಹೋಗಿ ತಿರುಗಿ ಬರುತ್ತದೆಯೇ, ಬರೀ ತೊಟ್ಟಿಯಲ್ಲೇ ಸುತ್ತುತ್ತದೆಯೇ? ಬಿಳಿ ಬಣ್ಣ ಟೈಟೇನಿಯಂ ಡೈ ಆಕ್ಸೈಡ್, ನೀರಿಗಿಂತ ನಾಲ್ಕು ಪಟ್ಟು ಭಾರ. ನಿಂತಲ್ಲೇ ತಳಕ್ಕೆ ಕೂರುತ್ತದೆ. ನಮ್ಮ ಅಂಗಡಿಗಳಲ್ಲಿ ರಾತ್ರಿ ಶಟರ್ ಎಳೆಯುವಾಗ ಮೇನ್ ಸ್ವಿಚ್ ಆರಿಸುವ ರೂಢಿಯಿದೆಯಲ್ಲ, ಬಿಳಿ ಹೆಡ್ ಸಾಯುವುದು ಬಹುಪಾಲು ಅದರಿಂದಲೇ. ಕಲಕುವ ಮೋಟಾರಿಗೆ ಬೇರೆ ಲೈನ್ ಎಳೆಸಿ, ಭಾನುವಾರವೂ ಓಡುತ್ತಿರಲಿ. ಹಬ್ಬಕ್ಕೆ ನಾಲ್ಕು ದಿನ ಬಾಗಿಲು ಹಾಕುವುದಿದ್ದರೆ ಯಾರಾದರೂ ಬಂದು ದಿನಕ್ಕೊಮ್ಮೆ ನಾಝಲ್ ಚೆಕ್ ತೆಗೆಯಲೇಬೇಕು.

ಪ್ರಶ್ನೆ: ಅಕ್ರಿಲಿಕ್ ಮೇಲೆ ಅಕ್ಷರದ ಅಂಚಿನಲ್ಲಿ ಕೂದಲು ಎದ್ದಂತೆ ಇಂಕ್ ಚಿಮ್ಮುತ್ತದೆ. ಬೇಸಿಗೆಯಲ್ಲಿ ಜಾಸ್ತಿ. ಹೆಡ್ ಹೋಗಿದೆ ಎನ್ನುತ್ತಾರೆ. (ಕಲಬುರಗಿ)

ಉತ್ತರ: ಹೆಡ್ ಬದಲಿಸುವ ಮುಂಚೆ ಅದೇ ಫೈಲನ್ನು, ಅದೇ ಎತ್ತರದಲ್ಲಿ ಸನ್‌ಬೋರ್ಡ್ ಮೇಲೆ ಹಾಕಿ. ಅಲ್ಲಿ ಅಂಚು ಚೊಕ್ಕವಾಗಿ ಬಂದರೆ ಹೆಡ್ ಚೆನ್ನಾಗಿದೆ, ತೊಂದರೆ ಸ್ಥಿರ ವಿದ್ಯುತ್ತಿನದು. ಎರಡರಲ್ಲೂ ಚಿಮ್ಮಿದರೆ ಹೆಡ್ ಅಂತರ ಹೆಚ್ಚಾಗಿದೆ ಅಥವಾ ಹೆಡ್ ವೋಲ್ಟೇಜ್ ಏರಿಸಿಟ್ಟಿದ್ದಾರೆ.

ಅಕ್ರಿಲಿಕ್ ಮೇಲಿನ ರಕ್ಷಣಾ ಫಿಲ್ಮ್ ಎಳೆದಾಗ ಶೀಟಿನಲ್ಲಿ ಸಾವಿರಾರು ವೋಲ್ಟ್ ಚಾರ್ಜ್ ಕೂರುತ್ತದೆ. ಗಾಳಿ ಒಣಗಿದ್ದರೆ ಅದು ಇಳಿಯುವುದಿಲ್ಲ, ಹನಿಯ ಹಿಂದೆ ಬರುವ ಸಣ್ಣ ತುಂತುರನ್ನು ಎಳೆದು ಅಂಚಿಗೆ ಹಾಕುತ್ತದೆ. ಫಿಲ್ಮನ್ನು ನಿಧಾನವಾಗಿ ತೆಗೆದು ಹತ್ತು-ಹದಿನೈದು ನಿಮಿಷ ಬಿಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ, ಎಳೆ ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಒಣಬಟ್ಟೆಯಲ್ಲಿ ಉಜ್ಜಿದರೆ ಚಾರ್ಜ್ ಇನ್ನೂ ಏರುತ್ತದೆ. ಹೆಡ್ ಅಂತರ 1.5–2 ಮಿ.ಮೀ. ಮೀರದಿರಲಿ. ಕೋಣೆಯ ತೇವಾಂಶ ಶೇ 45–60 ಇರಬೇಕು, ಉಷ್ಣತೆ 20–28 ಡಿಗ್ರಿ. ನಿಮ್ಮೂರಿನ ಏಪ್ರಿಲ್‌ನಲ್ಲಿ ಎಸಿ ಅನಿವಾರ್ಯ, ಆದರೆ ಎಸಿ ಗಾಳಿಯನ್ನು ಇನ್ನಷ್ಟು ಒಣಗಿಸುವುದರಿಂದ ಜೊತೆಗೊಂದು ಹ್ಯುಮಿಡಿಫೈಯರ್ ಕೂಡ ಬೇಕು. ಮಷಿನ್‌ಗೆ ಪ್ರತ್ಯೇಕ ಅರ್ಥಿಂಗ್ ಹಾಕಿಸಿ ನ್ಯೂಟ್ರಲ್-ಅರ್ಥ್ ನಡುವೆ ವೋಲ್ಟೇಜ್ ಅಳೆಸಿ. 2–3 ವೋಲ್ಟ್ ದಾಟಬಾರದು. ಇಷ್ಟೆಲ್ಲ ಆದಮೇಲೂ ಉಳಿದರೆ ಕ್ಯಾರೇಜ್‌ಗೆ ಅಯೊನೈಸರ್ ಬಾರ್ (ಶೀಟಿನ ಚಾರ್ಜ್ ಇಳಿಸುವ ಪಟ್ಟಿ) ಹಾಕಿಸಿ.

ಪ್ರಶ್ನೆ: ಗಾಜಿನ ಮೇಲಿನ ಪ್ರಿಂಟ್ ಉಗುರಿನಿಂದ ಕೆರೆದರೆ ಎದ್ದು ಬರುತ್ತದೆ. ಫ್ಲೂಟ್ ಬೋರ್ಡ್ ಮೇಲೂ ಹಾಗೇ. (ಮಂಗಳೂರು)

ಉತ್ತರ: ಎರಡಕ್ಕೂ ಕಾರಣ ಬೇರೆ. ಫ್ಲೂಟ್ ಬೋರ್ಡ್ ಪಾಲಿಪ್ರೊಪಿಲೀನ್. ಅದರ ಮೇಲ್ಮೈ ಶಕ್ತಿ ಸುಮಾರು 30 ಡೈನ್, ಇಂಕ್ ಹಿಡಿಯಲು 38ಕ್ಕಿಂತ ಹೆಚ್ಚು ಬೇಕು. ಕೊರೋನಾ ಟ್ರೀಟ್‌ಮೆಂಟ್ (ವಿದ್ಯುತ್ ಕಿಡಿಯಿಂದ ಮೇಲ್ಮೈ ಶಕ್ತಿ ಏರಿಸುವುದು) ಆದ ಶೀಟನ್ನೇ ಕೇಳಿ ತಗೊಳ್ಳಿ. ಟ್ರೀಟ್‌ಮೆಂಟ್ ತಿಂಗಳುಗಟ್ಟಲೆ ಇಟ್ಟರೆ ಇಳಿಯುತ್ತದೆ, ಹಳೆ ದಾಸ್ತಾನು ಬೇಡ. 38ರ ಡೈನ್ ಪೆನ್ನಿನಿಂದ ಗೆರೆ ಎಳೆಯಿರಿ: ಎರಡು ಸೆಕೆಂಡ್ ಗೆರೆಯಾಗೇ ನಿಂತರೆ ಸರಿ, ಹನಿಗಳಾಗಿ ಒಡೆದರೆ ಹಾಕಬೇಡಿ.

ಗಾಜಿಗೆ ಪ್ರೈಮರ್ ಬೇಕು. ಕರಾವಳಿಯಲ್ಲಿ ಗಾಜಿನ ಮೇಲೆ ಕಣ್ಣಿಗೆ ಕಾಣದ ತೇವದ ಪದರ ಇರುತ್ತದೆ, ಅದನ್ನು ಹೋಗಲಾಡಿಸದೆ ಪ್ರೈಮರ್ ಹಚ್ಚಿದರೆ ಅದೂ ಎದ್ದು ಬರುತ್ತದೆ. ಆಲ್ಕೊಹಾಲ್‌ನಲ್ಲಿ ಒರೆಸಿ, ಬಿಸಿಗಾಳಿ ಗನ್ನಿನಿಂದ ಬೆಚ್ಚಗೆ ಮಾಡಿ, ಪ್ರೈಮರ್ ತೆಳ್ಳಗೆ ಒಂದೇ ಸಲ ಹಚ್ಚಿ. ದಪ್ಪ ಹಚ್ಚಿದರೆ ಹಿಡಿತ ಕಡಿಮೆಯಾಗುತ್ತದೆ, ಹೆಚ್ಚಲ್ಲ. ಪ್ರಿಂಟಾದ ಮೇಲೆ 24 ಗಂಟೆ ಬಿಟ್ಟು, ಬ್ಲೇಡ್‌ನಿಂದ 1 ಮಿ.ಮೀ. ಅಂತರದ ಅಡ್ಡ-ಉದ್ದ ಗೀರು ಹಾಕಿ ಟೇಪ್ ಅಂಟಿಸಿ ಎಳೆದು ನೋಡಿ. ಉಗುರಿನ ಪರೀಕ್ಷೆ ಬಿಸಿಬಿಸಿಯಾಗಿರುವಾಗ ಮಾಡಿದರೆ ಏನನ್ನೂ ಹೇಳುವುದಿಲ್ಲ.

ಗಾಜು, ಕನ್ನಡಿ, ಪಾಲಿಶ್ ಸ್ಟೀಲ್ ಹಾಕುವಾಗ ದೀಪದ ಶಕ್ತಿ ಇಳಿಸಿ. ಬೆಳಕು ಪ್ರತಿಫಲಿಸಿ ಹೆಡ್ ತಳಕ್ಕೆ ಬಿದ್ದರೆ ನಾಝಲ್ ಒಳಗೇ ಇಂಕ್ ಗಟ್ಟಿಯಾಗುತ್ತದೆ, ಅದಕ್ಕೆ ಔಷಧಿಯಿಲ್ಲ. ಪಾರದರ್ಶಕ ಶೀಟಿನ ಕೆಳಗೆ ಅಲ್ಯೂಮಿನಿಯಂ ಬೆಡ್ ಹೊಳೆಯುತ್ತಿರುತ್ತದೆ, ಮಂದ ಕಪ್ಪು ಹಾಳೆ ಹಾಸಿ. ಕಿಟಕಿಯಿಂದ ಬಿಸಿಲು ಮಷಿನ್ ಮೇಲೆ ಬೀಳುತ್ತಿದ್ದರೂ ಇದೇ ಗತಿ.

ಪ್ರಶ್ನೆ: ಕಪ್ಪು ಅಕ್ರಿಲಿಕ್ ಮೇಲೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಕನ್ನಡದ ಒತ್ತಕ್ಷರಗಳು ಮಾತ್ರ ಮಂಕು. ಕೆಲವೊಮ್ಮೆ ಒತ್ತು ಬೇರೆಯಾಗಿ ಪಕ್ಕಕ್ಕೆ ಬೀಳುತ್ತದೆ. (ಮೈಸೂರು)

ಉತ್ತರ: ಮಂಕಾಗಲು ಕಾರಣ ಬಿಳಿಯ ಚೋಕ್. ಬಣ್ಣದ ಅಂಚಿನಿಂದ ಬಿಳಿ ಇಣುಕದಂತೆ ರಿಪ್ ಸಾಫ್ಟ್‌ವೇರ್ (ಫೈಲನ್ನು ಪ್ರಿಂಟರ್‌ಗೆ ಬೇಕಾದ ಚುಕ್ಕಿಗಳಾಗಿ ಬದಲಿಸುವುದು) ಬಿಳಿ ಪದರವನ್ನು ಸುತ್ತಲೂ ಕೆಲವು ಪಿಕ್ಸೆಲ್ ಒಳಕ್ಕೆ ಎಳೆಯುತ್ತದೆ. 720 ಡಿಪಿಐನಲ್ಲಿ 3 ಪಿಕ್ಸೆಲ್ ಎಂದರೆ 0.1 ಮಿ.ಮೀ., ಎರಡು ಬದಿ ಸೇರಿ 0.2. ಐದು ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ವಟ್ರಸುಳಿಯ ಬಾಲ, ಅರ್ಕಾವತ್ತಿನ ಕೊಂಡಿ, ರ-ಒತ್ತಿನ ಗೆರೆ 0.3 ಮಿ.ಮೀ. ದಪ್ಪವಿದ್ದರೆ ಕೆಳಗೆ ಬಿಳಿ ಉಳಿಯುವುದು 0.1 ಮಾತ್ರ. ಅದರ ಮೇಲಿನ ಹಳದಿ ಕಪ್ಪಿನಲ್ಲಿ ಕರಗಿಹೋಗುತ್ತದೆ. ಸಣ್ಣ ಕನ್ನಡ ಅಕ್ಷರಕ್ಕೆ ಚೋಕ್ 1 ಪಿಕ್ಸೆಲ್‌ಗೆ ಇಳಿಸಿ, ಗೆರೆ ಒಂದೇ ದಪ್ಪವಿರುವ ಬೋಲ್ಡ್ ಅಕ್ಷರ ಆರಿಸಿ. ಚೋಕ್ ಇಳಿಸಿದಾಗ ಬಿಳಿ ಇಣುಕಿದರೆ ಮಷಿನ್‌ನ ಬಿಳಿ-ಬಣ್ಣದ ಹೊಂದಾಣಿಕೆಯೇ ತಪ್ಪಿದೆ. ಡೆಮೋದಲ್ಲಿ ಹಾಕಿಸಬೇಕಾದ ಫೈಲ್ ಎಂದರೆ ಇದೇ: ‘ಶ್ರೀ’, ‘ಕೃಷ್ಣ’, ‘ಸ್ವಾಸ್ಥ್ಯ’ ಎಂದು 5 ಮಿ.ಮೀ. ಎತ್ತರದಲ್ಲಿ, ಕಪ್ಪಿನ ಮೇಲೆ.

ಒತ್ತು ಪಕ್ಕಕ್ಕೆ ಬೀಳುವುದು ಪ್ರಿಂಟರ್ ತಪ್ಪಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದಿರಿ, ಅಥವಾ ಯುನಿಕೋಡ್ ಪಠ್ಯವನ್ನು ಭಾರತೀಯ ಲಿಪಿ ಅರಿಯದ ಹಳೆ ಆವೃತ್ತಿಯಲ್ಲಿ ಅಂಟಿಸಿದಿರಿ. ಹಳೆಯ ಫೋಟೋಶಾಪ್ ಆದರೆ ಅದರಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಪಠ್ಯ ಎಂಜಿನ್ ಆಯ್ಕೆ ಮಾಡಿಕೊಳ್ಳಿ. ಕೋರಲ್‌ಡ್ರಾದಲ್ಲಿ ಪಠ್ಯ ಓದಿ ನೋಡಿ, ಕರ್ವ್ ಮಾಡಿಯೇ (ಅಕ್ಷರವನ್ನು ಫಾಂಟ್ ಬೇಡದ ಗೆರೆಚಿತ್ರವಾಗಿಸಿ) ರಿಪ್‌ಗೆ ಕಳಿಸಿ. 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ ಕಡ್ಡಾಯವಾಗಿರುವಾಗ ಈ ಪರೀಕ್ಷೆಯಲ್ಲಿ ಸೋಲುವ ಮಷಿನ್ ನಮ್ಮ ರಾಜ್ಯದ ಬೋರ್ಡ್ ಅಂಗಡಿಗೆ ಏಕೆ ಬೇಕು?

ಪ್ರಶ್ನೆ: ಎಸಿಪಿಗೆ ಪ್ರಿಂಟ್ ಮಾಡಿ ಅಂಚು ಮಡಚಿದರೆ ಇಂಕ್ ಬಿರಿಯುತ್ತದೆ. (ತುಮಕೂರು)

ಉತ್ತರ: ಗಟ್ಟಿ ಇಂಕ್ ಹಾಕಿದ್ದೀರಿ. ಗ್ರೂವ್ ಮಾಡಿ ಮಡಚುವ ಗೆರೆಯ ಎರಡೂ ಬದಿ 3–4 ಮಿ.ಮೀ. ಪ್ರಿಂಟ್ ಇಲ್ಲದೆ ಖಾಲಿ ಬಿಡಿ, ಅಥವಾ ಮೊದಲು ಮಡಚಿ ಆಮೇಲೆ ಪ್ರಿಂಟ್ ಮಾಡಿ. ಅದಕ್ಕೆ ಬೆಡ್ ಮೇಲೆ ಸಾಕಷ್ಟು ಎತ್ತರದ ಅವಕಾಶ ಇರಬೇಕು, ಮಡಚಿದ ಅಂಚು ಹೆಡ್‌ಗೆ ತಾಗದಂತೆ ಒಳಮುಖವಾಗಿ ಕೆಳಗಿರಬೇಕು. ಮೆತ್ತನೆ ಇಂಕಿಗೆ ಬದಲಾದರೆ ಬಿರಿಯುವುದಿಲ್ಲ, ಆದರೆ ಗೀರು ಬೇಗ ಬೀಳುತ್ತದೆ. ಎರಡು ಬಗೆಯ ಇಂಕನ್ನು ಒಂದೇ ತೊಟ್ಟಿಯಲ್ಲಿ ಬೆರೆಸಬೇಡಿ.

ಪ್ರಶ್ನೆ: ಎರಡು ವರ್ಷ ಹಳೆಯ 2513 ಅರ್ಧ ಬೆಲೆಗೆ ಸಿಗುತ್ತಿದೆ. ತಗೊಳ್ಳಬಹುದೇ? (ಬೆಳಗಾವಿ)

ಉತ್ತರ: ಓಡುತ್ತಿರುವ ಮಷಿನ್ ಆದರೆ ನೋಡಿ. ಆರು ತಿಂಗಳಿಂದ ನಿಂತಿರುವುದಾದರೆ ಹೆಡ್‌ಗಳ ಬೆಲೆ ಸೊನ್ನೆ ಎಂದುಕೊಂಡೇ ಮಾತಾಡಿ. ನಾಝಲ್ ಚೆಕ್ ಕಣ್ಣೆದುರೇ ತೆಗೆಸಿ. ಹಿಂದಿನ ದಿನದ ಹಾಳೆ ತೋರಿಸಿದರೆ ಒಪ್ಪಬೇಡಿ. ಪ್ರತಿ ಬಣ್ಣದಲ್ಲಿ ಕಾಣದ ನಾಝಲ್ ಎಷ್ಟು ಎಂದು ಎಣಿಸಿ, ಕ್ಲೀನಿಂಗ್ ಮಾಡಿಸಿ ಮತ್ತೆ ಎಣಿಸಿ. ಅದೇ ಜಾಗದ ನಾಝಲ್‌ಗಳು ಮತ್ತೆ ಕಾಣದಿದ್ದರೆ ಅವು ಸತ್ತಿವೆ. ಬೇರೆ ಬೇರೆ ಜಾಗದಲ್ಲಿ ಕಾಣೆಯಾಗುತ್ತಿದ್ದರೆ ಡ್ಯಾಂಪರ್ (ಹೆಡ್‌ಗೆ ಹೋಗುವ ಇಂಕಿನ ಸಣ್ಣ ಡಬ್ಬಿ), ಗಾಳಿ ಸೇರುವುದು, ಕ್ಯಾಪಿಂಗ್ ರಬ್ಬರ್ (ಹೆಡ್ ಒಣಗದಂತೆ ಮುಚ್ಚುವುದು) ಇಂಥ ಸಣ್ಣ ಖರ್ಚಿನ ಕಾರಣ. ದೀಪದ ತಂಪು ನೀರಿನ ಪೈಪು, ಫ್ಯಾನು, ಎನ್‌ಕೋಡರ್ ಪಟ್ಟಿಯ (ಕ್ಯಾರೇಜ್ ಎಲ್ಲಿದೆ ಎಂದು ತಿಳಿಸುವ ಪಟ್ಟಿ) ಮೇಲಿನ ಇಂಕ್ ಕಲೆ ನೋಡಿ. ರಿಪ್‌ನ ಡಾಂಗಲ್ (ಸಾಫ್ಟ್‌ವೇರ್ ಪರವಾನಗಿಯ ಯುಎಸ್‌ಬಿ ಕೀಲಿ) ಮಷಿನ್ ಜೊತೆ ಬರುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ, ಡಾಂಗಲ್ ಇಲ್ಲದ ಮಷಿನ್ ಓಡುವುದಿಲ್ಲ. ಸಾಗಿಸುವ ಮುಂಚೆ ಇಂಕ್ ಪೂರ್ತಿ ಬಸಿದು, ಲೈನ್ ತೊಳೆದು, ಕ್ಯಾರೇಜ್ ಬಿಗಿದು ಕಟ್ಟಿಸಬೇಕು. ಜೋಡಣೆಯಾದ ಮೇಲೆ ಕರ್ಣದ ಅಳತೆಯನ್ನು ನಿಮ್ಮ ಅಂಗಡಿಯಲ್ಲೇ ಮತ್ತೆ ತೆಗೆದು, ಕೊನೆಯ ಕಂತು ಆಮೇಲೆ ಕೊಡಿ.